ಕತ್ತಲಾಗುವ ಮುಂಚೆ ಬಾಗಿಲು ಬಡಿಯುತ್ತೇವೆ

ಊರೆಲ್ಲ ಮಲಗಿದ್ದ ಹೊತ್ತಿನಲ್ಲಿ ಬೇಕರಿಯೊಳಗೆ ಟಕ್ ಎಂದು ಒಂದು ಸಣ್ಣ ಸದ್ದಾಯಿತು.

ಹಿಟ್ಟು ನಾದುತ್ತಿದ್ದ ಬನ್ನಕ್ಕನ ಕೈ ನಿಂತಿತು. ಒಲೆಯಿಂದ ಆಗಷ್ಟೇ ಹೊರಗೆಳೆದ ಬ್ರೆಡ್ಡು ಆರುವಾಗ ಅದರ ಮೇಲ್ಪದರ ಚಿಟಿಚಿಟಿ ಬಿರಿಯುತ್ತದೆ. ಆ ಸದ್ದು ಅವಳಿಗೆ ತನ್ನ ಉಸಿರಿನಷ್ಟೇ ರೂಢಿ. ಇದು ಅದಲ್ಲ.

"ಕೇಳಿಸ್ತಾ?" ಎಂದಳು.

"ಬ್ರೆಡ್ಡು ಕಣೇ," ಎಂದ ಗಂಡ, ತಲೆ ಎತ್ತದೆ.

"ಬ್ರೆಡ್ಡಲ್ಲ ರೀ. ಒಲೆ ಒಳಗಿಂದ ಬಂತು."

"ನಿಂಗೆ ಇರುವೆ ಕೆಮ್ಮಿದ್ರೂ ಕೇಳಿಸುತ್ತೆ."

ಆದರೂ ಅವನು ಟಾರ್ಚ್ ಹಿಡಿದು ಬಗ್ಗಿ ನೋಡಿದ. ಒಲೆಯ ತಳದ ಇಟ್ಟಿಗೆ ಉದ್ದಕ್ಕೂ ಸೀಳಿತ್ತು. ಉಳಿದ ಬನ್ನುಗಳನ್ನು ಹೇಗೋ ಒಂದು ಬದಿಯಲ್ಲೇ ಸುಟ್ಟು ಮುಗಿಸಿದರು. ಬೆಳಕು ಹರಿಯುತ್ತಲೇ ಗಾರೆಯವನು ಬಂದು ನೋಡಿ, "ಹೊಸ ಇಟ್ಟಿಗೆ ಕೂರಿಸ್ಬೇಕು, ಆಮೇಲೆ ಒಣಗ್ಬೇಕು. ನಾಡಿದ್ದಿನವರೆಗೂ ಬೆಂಕಿ ಹಾಕೋ ಹಾಗಿಲ್ಲ," ಎಂದ.

ಬನ್ನಣ್ಣನ ಮುಖ ಬೀಳಬೇಕಿತ್ತು. ಬೀಳಲಿಲ್ಲ, ಅರಳಿತು.

ಬೀದಿಯವರು ಅವನನ್ನು ಬನ್ನಣ್ಣ ಅನ್ನುತ್ತಿದ್ದರು, ಅವಳನ್ನು ಬನ್ನಕ್ಕ. ನಿಜವಾದ ಹೆಸರಿನಿಂದ ಯಾರೂ ಕರೆದು ರೂಢಿಯಿಲ್ಲ. ಊರು ಮಲಗಿದಾಗ ಎದ್ದು, ಊರು ಕೆಲಸಕ್ಕೆ ಹೋದಾಗ ಅಂಗಡಿ ನೋಡಿಕೊಂಡು, ಊಟವಾದ ಮೇಲೆ ಕಿಟಕಿಗೆ ದಪ್ಪ ಬಟ್ಟೆ ಇಳಿಬಿಟ್ಟು ಮಲಗುವ ಸಂಸಾರ ಅವರದು. ಮದುವೆಯಾದಾಗಿನಿಂದ ಹೀಗೇ. ಹಿಟ್ಟು ನಾದುವ ಮೇಜಿನ ಎದುರಿನ ಕಿಟಕಿಯಲ್ಲಿ ಒಂದು ಬೆಟ್ಟ ಕಾಣುತ್ತದೆ. ಬೆಳಗಿನ ಬಿಸಿಲು ಮೊದಲು ಬೀಳುವುದು ಅದರ ನೆತ್ತಿಗೆ. ಅದನ್ನು ನೋಡಿದಾಗಲೆಲ್ಲ ಅವನು "ಒಂದಿನ ಹೋಗೋಣ ಕಣೇ" ಅನ್ನುತ್ತಿದ್ದ. ಅವಳು "ಹೂಂ" ಅನ್ನುತ್ತಿದ್ದಳು. ಅಷ್ಟರಲ್ಲಿ ಟ್ರೇ ತುಂಬುತ್ತಿತ್ತು.

"ಆ ಒಂದಿನ ಇವತ್ತೇ," ಎಂದ ಬನ್ನಣ್ಣ.

"ರಾತ್ರಿಯೆಲ್ಲ ನಿಂತಿದ್ದೀವಿ. ಮಲಗಿ ಎದ್ದು ನಾಳೆ ಹೋಗೋಣ."

"ನಾಳೆ ಗಾರೆಯೋನ ಪಕ್ಕ ನಿಲ್ಬೇಕು. ಇಲ್ಲಾಂದ್ರೆ ಒಲೆ ಬದಲು ಬಾವಿ ಕಟ್ಟಿಟ್ಟು ಹೋಗ್ತಾನೆ. ಹೋದ್ರೆ ಇವತ್ತು, ಇಲ್ಲಾಂದ್ರೆ ಇಲ್ಲ."

ಅವಳಿಗೂ ಆಸೆಯಿತ್ತು. ಬಹಳ ಇತ್ತು. ಅದಕ್ಕೇ ಹೆಚ್ಚು ಮಾತಾಡಲಿಲ್ಲ.

ಆ ಹೊತ್ತಿಗೆ ಪಕ್ಕದ ಔಷಧಿ ಅಂಗಡಿಯ ಅಕ್ಕ ದಿನದ ಬ್ರೆಡ್ಡಿಗೆ ಬಂದರು. ಬೆಟ್ಟದಲ್ಲಿ ಸಿಕ್ಕಿಹಾಕಿಕೊಂಡವರನ್ನು ಹುಡುಕಿ ತರುವ ತಂಡವೊಂದು ಊರಿನಲ್ಲಿದೆ. ವರ್ಷಗಳಿಂದ ಅದರಲ್ಲಿ ಇವರೂ ಇದ್ದಾರೆ. ಬನ್ನಣ್ಣ ಅವರನ್ನು ಮಾತ್ರೆ ಮೇಡಂ ಅಂತಲೇ ಕರೆಯುವುದು. ಅವರು ಬೇಸರ ಮಾಡಿಕೊಂಡಿದ್ದನ್ನು ಯಾರೂ ನೋಡಿಲ್ಲ.

"ಬೆಟ್ಟಕ್ಕಾ? ಒಳ್ಳೇದಾಯ್ತು," ಎಂದರು ಅಕ್ಕ. "ಯಾವ ದಾರಿ?"

"ಮೇಲೆ ಹೋಗೋ ದಾರಿ," ಎಂದ ಬನ್ನಣ್ಣ.

"ಅದು ಗೊತ್ತು. ಕೆರೆ ಬದಿಯದಾ, ಕ್ವಾರಿ ಬದಿಯದಾ?"

"ಮಾತ್ರೆ ಮೇಡಂ, ನಾನು ಹುಟ್ಟಿದಾಗಿಂದ ನೋಡ್ತಿರೋ ಬೆಟ್ಟ ಅದು. ನನ್ನ ಹಿತ್ತಲಿದ್ದ ಹಾಗೆ. ಹಿತ್ತಲಿಗೆ ಹೋಗೋಕೆ ದಾರಿ ಕೇಳ್ತಾರಾ?"

"ಎಷ್ಟು ಸಲ ಹತ್ತಿದ್ದೀರಿ?"

ಅವನು ಬನ್ನುಗಳನ್ನು ಜೋಡಿಸತೊಡಗಿದ. ಬನ್ನಕ್ಕ ನಗು ತಡೆದುಕೊಂಡು, "ಕೆರೆ ಬದಿಯಿಂದ ಹೋಗ್ತೀವಿ ಅಕ್ಕ," ಎಂದಳು.

"ಹಾಗಾದ್ರೆ ಬಂಡೆಗಳ ಮೇಲೆ ಬಿಳಿ ಬಣ್ಣದ ಗುರುತು ಹಾಕಿದ್ದಾರೆ, ಅದನ್ನ ಬಿಡಬೇಡಿ. ಇಲ್ಲಿ ಬಿಸಿಲಿದ್ರೂ ಮೇಲೆ ಮಂಜು ಬರುತ್ತೆ, ಸಂಜೆ ಮೇಲೆ ಮೋಡ ಅಂತ ರೇಡಿಯೋದಲ್ಲೂ ಹೇಳಿದ್ದಾರೆ. ಇಬ್ಬರಿಗೂ ಸ್ವೆಟರ್ ಇರಲಿ. ನೀರು, ತಿನ್ನೋಕೆ ಏನಾದ್ರೂ ಸಿಹಿ, ಟಾರ್ಚು. ಎರಡು ಗಂಟೆ ಆಯ್ತು ಅಂದ್ರೆ ಎಲ್ಲಿದ್ರೂ ತಿರುಗಿಬಿಡಿ. ನೆತ್ತಿಗೆ ಇನ್ನು ಕೂಗಳತೆ ಇದ್ರೂ ಸರಿ."

"ಅಷ್ಟು ಹತ್ತಿರ ಹೋಗಿ ವಾಪಸ್ ಬರೋದಾ?" ಬನ್ನಣ್ಣ ಕೇಳಿದ.

"ಬೆಟ್ಟ ಎಲ್ಲಿಗೂ ಹೋಗಲ್ಲ ಅಣ್ಣ. ಇನ್ನೊಂದಿನ ಹೋಗಬಹುದು."

"ಔಷಧಿ ಮಾರೋರಿಗೆ ನಡೆದಾಡೋರೆಲ್ಲ ರೋಗಿಗಳ ಥರ ಕಾಣ್ತಾರೆ. ನಂಗೆ ಸ್ವೆಟರ್ ಯಾಕೆ? ಒಲೆ ಮುಂದೆ ಬೆಂದಿರೋ ಮೈ ಇದು. ವರ್ಷಗಟ್ಟಲೆ ಕಾವು ಒಳಗೇ ಇದೆ."

ಅಕ್ಕ ಅವನ ಕಾಲಿನ ಕಡೆ ನೋಡಿದರು. ಬೇಕರಿಯ ನೆಲದ ಮೇಲೆ ಸವೆದು ಸವೆದು ಅಡಿ ನುಣ್ಣಗಾದ ಕ್ಯಾನ್ವಾಸ್ ಶೂ. "ಇದನ್ನ ಮಾತ್ರ ಹಾಕ್ಕೊಂಡು ಹೋಗಬೇಡಿ," ಎಂದರು.

"ಇದು ನನ್ನ ಕಾಲಿಗೆ ಒಗ್ಗಿದೆ ಮೇಡಂ. ಹೆಂಡ್ತಿ ಹಾಗೆ."

"ಹೌದು, ನಾನೂ ಹೀಗೇ ಸವೆದಿದ್ದೀನಿ," ಎಂದಳು ಬನ್ನಕ್ಕ. ಮೂವರೂ ನಕ್ಕರು.

ಅಕ್ಕ ಹೊರಟಾಗ ಅವಳು ಬ್ರೆಡ್ಡಿನ ಚೀಲ ಕೊಡುವ ನೆವ ಮಾಡಿ ಬಾಗಿಲವರೆಗೂ ಹೋದಳು. ದನಿ ತಗ್ಗಿಸಿ, "ಅಕ್ಕ, ಕತ್ತಲಾಗೋ ಮುಂಚೆ ಬಂದು ನಿಮ್ಮ ಬಾಗಿಲು ಬಡಿತೀವಿ. ಬಡೀಲಿಲ್ಲ ಅಂದ್ರೆ..." ಎಂದು ನಿಲ್ಲಿಸಿದಳು.

"ಬಡೀಲಿಲ್ಲ ಅಂದ್ರೆ ನಾನು ಸುಮ್ಮನಿರಲ್ಲ," ಎಂದರು ಅಕ್ಕ. ಬೀಗದ ಕೈಗೊಂಚಲಿನಿಂದ ಒಂದು ಕಿತ್ತಳೆ ಬಣ್ಣದ ಸೀಟಿ ಬಿಚ್ಚಿ ಅವಳ ಅಂಗೈಗೆ ಹಾಕಿದರು. "ಮೂರು ಸಲ ಊದು, ಸ್ವಲ್ಪ ತಡಿ, ಮತ್ತೆ ಮೂರು ಸಲ. ಕೂಗಿದ್ರೆ ಗಂಟಲು ಹೋಗುತ್ತೆ, ಇದು ಹೋಗಲ್ಲ. ದಾರಿ ತಪ್ಪಿದ್ರೆ ಅಲೀಬೇಡಿ. ಇದ್ದಲ್ಲೇ ಇರಿ, ನಾವು ಬರ್ತೀವಿ."

ಅವಳು ಸೀಟಿಯನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡು, ಬಟ್ಟೆಯೊಳಗೆ ಇಳಿಬಿಟ್ಟಳು. ಗಂಡ ನೋಡಿದರೆ ವಾರಗಟ್ಟಲೆ ಆಡಿಕೊಳ್ಳುತ್ತಾನೆ. ಎರಡು ಸ್ವೆಟರ್, ಟಾರ್ಚ್, ನೀರು, ಸಿಹಿ ಬನ್ನು, ಕೂರಲು ಹಿಟ್ಟಿನ ಎರಡು ಖಾಲಿ ಗೋಣಿ. ಚೀಲ ಉಬ್ಬಿತು.

"ಮನೆ ಬದಲಾಯಿಸ್ತಿದ್ದೀವಾ?" ಎಂದ ಬನ್ನಣ್ಣ. ಆದರೂ ಚೀಲವನ್ನು ತಾನೇ ಹೊತ್ತ.

ಹೊರಡುವಾಗ ತಡವಾಗಿತ್ತು. ದಾರಿ ಕಷ್ಟದ್ದೇನಲ್ಲ. ಅವನು ಬಿಳಿ ಗುರುತು ಕಂಡಲ್ಲೆಲ್ಲ "ಮಾತ್ರೆ ಮೇಡಂಗೆ ನಮಸ್ಕಾರ" ಅನ್ನುತ್ತ ಕೈಮುಗಿಯುತ್ತಿದ್ದ. ಅವಳಿಗೆ ನಕ್ಕು ನಕ್ಕು ಉಸಿರು ಕಟ್ಟುತ್ತಿತ್ತು. ಹಗಲು ಹೊತ್ತಿನಲ್ಲಿ, ಬೆಳಕಿನಲ್ಲಿ, ಗಿರಾಕಿಗಳಿಲ್ಲದೆ, ಗಂಡನ ಪಕ್ಕ ನಡೆದು ಎಷ್ಟು ಕಾಲವಾಗಿತ್ತು. ಅವನ ಕಿವಿಯ ಹಿಂದೆ ನರೆ ಬಂದಿರುವುದನ್ನು ಅವಳು ಅವತ್ತೇ ಗಮನಿಸಿದ್ದು.

ಎರಡು ಗಂಟೆಗೆ ಸ್ವಲ್ಪ ಮುಂಚೆ ನೆತ್ತಿ ಮುಟ್ಟಿದರು. ಕೆಳಗೆ ಊರು, ಊರಿನ ನಡುವೆ ಅವರ ಬೇಕರಿಯ ಹೊಗೆಗೂಡು. ಅವನು ಅದನ್ನು ಬೆರಳಿನಿಂದ ತೋರಿಸಿದ. ಇಬ್ಬರೂ ಬನ್ನು ತಿಂದರು. ಬಂಡೆ ಬಿಸಿಲಿಗೆ ಕಾದು, ಆರುತ್ತಿರುವ ಒಲೆಯ ಹಾಗೆ ಬೆಚ್ಚಗಿತ್ತು.

"ಐದೇ ನಿಮಿಷ ಬೆನ್ನು ಚಾಚ್ತೀನಿ," ಎಂದ ಅವನು.

"ಎರಡಾಯ್ತು ರೀ. ತಿರುಗಬೇಕು."

"ಐದೇ ನಿಮಿಷ ಕಣೇ."

ಅವನ ಉಸಿರು ಆಗಲೇ ಭಾರವಾಯಿತು. ಇದು ಅವರ ಮೈಗೆ ನಡುರಾತ್ರಿಯ ಹೊತ್ತು. ಬೇರೆಯವರು ಚುರುಕಾಗಿರುವ ಈ ಗಳಿಗೆಯಲ್ಲಿ ಇವರಿಬ್ಬರ ರೆಪ್ಪೆಗಳು ತಾವಾಗಿಯೇ ಇಳಿಯುತ್ತವೆ. ಅವಳು ಎಚ್ಚರವಾಗಿರುತ್ತೇನೆ ಅಂದುಕೊಂಡೇ ಕೂತಳು. ಸದಾ ಎಚ್ಚರವಾಗಿರುವವಳು ಅವಳೇ ತಾನೆ. ಗಂಡನ ತೋಳಿಗೆ ತಲೆ ಆನಿಸಿದ್ದೊಂದು ನೆನಪಿದೆ.

ಚಳಿ ಅವಳನ್ನು ಎಬ್ಬಿಸಿತು. ಕಣ್ಣು ಬಿಟ್ಟರೆ ಊರಿಲ್ಲ, ಕೆರೆಯಿಲ್ಲ, ನಾಲ್ಕು ಮಾರು ಆಚೆಯ ಪೊದೆಯೂ ಇಲ್ಲ. ಎಲ್ಲ ಕಡೆ ಬಿಳಿ ಮಂಜು. ಬೆಳಕು ಕುಂದುತ್ತಿತ್ತು.

ಆಮೇಲಿನದೆಲ್ಲ ಅವಸರದಲ್ಲಿ ನಡೆದುಹೋಯಿತು. ಬಿಳಿ ಗುರುತು ಹುಡುಕುತ್ತ ಇಳಿದರು. ಒಂದು ಗುರುತಿನಿಂದ ಇನ್ನೊಂದು ಕಾಣುತ್ತಿರಲಿಲ್ಲ. ಬಲಗಡೆ ಎಲ್ಲೋ ನೀರು ಹರಿಯುವುದು ಕೇಳಿಸಿತು.

"ನೀರು ಕೆಳಗೇ ತಾನೇ ಹೋಗೋದು," ಎಂದ ಬನ್ನಣ್ಣ. "ಅದರ ಜೊತೆ ಹೋದ್ರೆ ಸೀದಾ ಕೆರೆ. ಕೆರೆ ಸಿಕ್ಕಿದ್ರೆ ಮನೆ."

"ಗುರುತು ಬಿಡಬೇಡಿ ಅಂದಿದ್ರು."

"ಗುರುತು ಕಂಡ್ರೆ ತಾನೇ ಬಿಡೋದು?"

ಅವನು ದಾರಿ ಬಿಟ್ಟು ಇಳಿದ. ಅವಳು ಎರಡು ಹೆಜ್ಜೆ ಹಿಂದೆಯೇ ಇಳಿದಳು. ಬೇರೆಯಾಗುವುದು ಇನ್ನೂ ಕೆಟ್ಟದ್ದು ಅನ್ನಿಸಿತು. ಹತ್ತಾರು ಹೆಜ್ಜೆ ಹೋಗಿರಬಹುದು. ಪಾಚಿಗಟ್ಟಿದ ಕಲ್ಲಿನ ಮೇಲೆ ಆ ನುಣ್ಣನೆಯ ಶೂ ಹಿಡಿತ ತಪ್ಪಿತು. ಅವನು ಜಾರಿ, ಮಗುಚಿ, ಒಂದು ಕಲ್ಲಿಗೆ ತಾಗಿ ನಿಂತ. ಅದರ ಮುಂದೆ ಬರೀ ಮಂಜು. ನೀರಿನ ಸದ್ದು ಬಹಳ ಕೆಳಗಿನಿಂದ ಬರುತ್ತಿತ್ತು. ಹಳ್ಳ ಅಲ್ಲಿಂದ ಪಾತಾಳಕ್ಕೆ ಧುಮುಕುತ್ತಿತ್ತು.

"ಅಲ್ಲಾಡ್ಬೇಡಿ," ಎಂದಳು ಅವಳು. ಅಷ್ಟು ಗಟ್ಟಿ ದನಿಯಲ್ಲಿ ಅವನಿಗೆ ಅವಳು ಎಂದೂ ಹೇಳಿರಲಿಲ್ಲ.

ಹಿಟ್ಟಿನ ಗೋಣಿಯ ಒಂದು ತುದಿ ಅವನಿಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ಗಿಡದ ಬುಡಕ್ಕೆ ಕಾಲು ಕೊಟ್ಟು ಎಳೆದಳು. ದಿನಾ ಹಿಟ್ಟು ನಾದುವ ತೋಳುಗಳು ಅವತ್ತು ಕೆಲಸಕ್ಕೆ ಬಂದವು. ಅವನ ಪಾದದ ಗಿಣ್ಣು ಆಗಲೇ ಬನ್ನಿನ ಹಾಗೆ ಊದಿತ್ತು. ತೆವಳಿಕೊಂಡು, ಕೂತುಕೊಂಡು, ಕೊನೆಯದಾಗಿ ಕಂಡಿದ್ದ ಬಿಳಿ ಗುರುತಿನ ಬಂಡೆಯವರೆಗೂ ವಾಪಸ್ ಹತ್ತಿದರು.

"ಇನ್ನು ಇಲ್ಲಿಂದ ಎಲ್ಲಿಗೂ ಇಲ್ಲ," ಎಂದಳು.

ಫೋನಿಗೆ ಸಿಗ್ನಲ್ ಇರಲಿಲ್ಲ. ಅವಳು ಅದನ್ನು ಆಫ್ ಮಾಡಿ ಒಳಗಿಟ್ಟಳು. ಬಂಡೆಯ ಗಾಳಿ ಬೀಸದ ಬದಿಯಲ್ಲಿ ಒಂದು ಗೋಣಿ ಹಾಸಿ ಅವನನ್ನು ಕೂರಿಸಿದಳು. ಬೆವರಿನಿಂದ ಒದ್ದೆಯಾಗಿದ್ದ ಅಂಗಿ ತೆಗೆಸಿ, ಒಣ ಸ್ವೆಟರ್ ತೊಡಿಸಿದಳು. ಒಲೆಯ ಕಾವು ಒಳಗೇ ಇದೆ ಅಂದವನು ಗಡಗಡ ನಡುಗುತ್ತಿದ್ದ. ಇನ್ನೊಂದು ಗೋಣಿಯನ್ನು ಇಬ್ಬರ ಮೇಲೂ ಹೊದಿಸಿದಳು. ಬನ್ನು ಚೂರು ಚೂರಾಗಿ ಮುರಿದು ಬಾಯಿಗಿಟ್ಟಳು. ಆಮೇಲೆ ಬಟ್ಟೆಯೊಳಗಿನಿಂದ ಸೀಟಿ ತೆಗೆದಳು.

"ಇದ್ಯಾವಾಗ?" ಎಂದ ಅವನು.

"ಆಡಿಕೊಳ್ಳೋದಾದ್ರೆ ಮನೆಗೆ ಹೋದ್ಮೇಲೆ ಆಡಿಕೊಳ್ಳಿ."

ಮೂರು ಸಲ. ಮೌನ. ಮತ್ತೆ ಮೂರು ಸಲ.

ಕತ್ತಲಾಯಿತು. ಬನ್ನಣ್ಣ ಮಾತು ನಿಲ್ಲಿಸಿದ. ನಿದ್ದೆಯಲ್ಲೂ ಮಾತಾಡುವ ಮನುಷ್ಯ ಸುಮ್ಮನಾದಾಗಲೇ ಅವಳಿಗೆ ನಿಜವಾಗಿ ಹೆದರಿಕೆಯಾದದ್ದು. "ನಿದ್ದೆ ಮಾಡಬೇಡಿ. ಏನಾದ್ರೂ ಮಾತಾಡಿ," ಎಂದು ತೋಳು ತಿಕ್ಕಿದಳು.

"ನಂಗೆ ಭಯ ಆಗ್ತಿದೆ ಕಣೇ," ಎಂದ. ನಾಲಿಗೆ ತೊಡರುತ್ತಿತ್ತು.

"ನನಗೂ."

"ನಿಂಗೆ ಯಾವಾಗ್ಲೂ ಭಯ. ನಿಂಗೆ ಅಭ್ಯಾಸ ಇದೆ. ನಂಗಿಲ್ಲ."

ಅಷ್ಟು ಹೇಳಿದವನು ಅವಳ ಮಡಿಲಿಗೆ ಮುಖ ಹುದುಗಿಸಿ ಅತ್ತುಬಿಟ್ಟ. ಸಣ್ಣ ಮಗು ಅಳುವ ಹಾಗೆ, ನಾಚಿಕೆಯಿಲ್ಲದೆ, ಜೋರಾಗಿ. "ನನ್ನ ಬಿಟ್ಟು ಇಳೀಬೇಡ. ನಿನ್ನನ್ನ ಕರ್ಕೊಂಡು ಬಂದು ಇಲ್ಲಿ ಕೂರಿಸ್ಬಿಟ್ಟೆ. ಎಷ್ಟು ವರ್ಷ ಆಯ್ತು, ಒಂದೇ ಒಂದಿನ ಕರ್ಕೊಂಡು ಬಂದೆ, ಅದೂ ಹೀಗೆ."

"ಎಲ್ಲಿಗೂ ಇಳಿಯಲ್ಲ," ಎಂದಳು. ಅವನ ಕೂದಲಲ್ಲಿ ಕೈಯಾಡಿಸಿದಳು. ಬುಡದಲ್ಲಿ ಇನ್ನೂ ಹಿಟ್ಟಿನ ಪುಡಿಯಿತ್ತು. "ನಂಗೆ ಇವತ್ತು ಚೆನ್ನಾಗಿತ್ತು ರೀ. ಮೇಲೆ ಕೂತು ಬನ್ನು ತಿಂದ್ವಲ್ಲ, ಅದು ಬಹಳ ಚೆನ್ನಾಗಿತ್ತು."

ವಿಚಿತ್ರವೆಂದರೆ, ಅವನು ಅಳತೊಡಗಿದ ಮೇಲೆ ಅವಳ ಭಯ ಎಲ್ಲೋ ಸರಿದು ಕೂತಿತು. ಒಂದು ಕೈ ಅವನ ತಲೆಯ ಮೇಲೆ, ಇನ್ನೊಂದರಲ್ಲಿ ಸೀಟಿ. ಮೂರು ಸಲ. ಮೌನ. ಮತ್ತೆ ಮೂರು ಸಲ.

ಕೆಳಗಿನಿಂದ ಉತ್ತರವಾಗಿ ಒಂದು ಸೀಟಿ ಕೇಳಿಸಿತು. ಆಮೇಲೆ ಮಂಜಿನೊಳಗೆ ಹಳದಿ ಬೆಳಕಿನ ಚುಕ್ಕೆಗಳು ಅಲುಗಿದವು. ಮೊದಲು ಬಂದವರು ಔಷಧಿ ಅಂಗಡಿಯ ಅಕ್ಕ. ಬನ್ನಣ್ಣ ಅಷ್ಟರಲ್ಲಿ ತೋಳಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತಿದ್ದ.

"ಬಾಗಿಲು ಬಡೀಲಿಲ್ಲ ನೀವು," ಎಂದರು ಅಕ್ಕ, ಫ್ಲಾಸ್ಕಿನಿಂದ ಬಿಸಿ ಸಕ್ಕರೆ ನೀರು ಬಗ್ಗಿಸುತ್ತ. "ಕೆರೆ ಬದಿ ಅಂತ ಹೇಳಿದ್ದಕ್ಕೆ ಸೀದಾ ಬಂದ್ವಿ. ಇಲ್ಲಾಂದ್ರೆ ಅರ್ಧ ತಂಡ ಕ್ವಾರಿ ಕಡೆ ಹುಡುಕ್ತಾ ಇರ್ತಿತ್ತು. ಇದ್ದಲ್ಲೇ ಇದ್ರಲ್ಲ, ಅದು ದೊಡ್ಡದು."

ಬನ್ನಣ್ಣನನ್ನು ಸ್ಟ್ರೆಚರಿನ ಮೇಲೆ ಇಳಿಸುವಾಗ ಬನ್ನಕ್ಕ ನಡೆದದ್ದನ್ನೆಲ್ಲ ಹೇಳಿದಳು. ಬಂಡೆಯ ಮೇಲೆ ನಿದ್ದೆ ಹೋದದ್ದನ್ನು ಕೇಳಿ ಅಕ್ಕ ಅವಳ ಕಡೆ ತಿರುಗಿದರು.

"ಅದು ನನಗೂ ಹೊಳೆದಿರಲಿಲ್ಲ," ಎಂದರು. "ಶೂ ನೋಡಿದೆ, ಸ್ವೆಟರ್ ಹೇಳಿದೆ. ನೀವು ರಾತ್ರಿ ದುಡಿಯೋರು, ಮಧ್ಯಾಹ್ನ ನಿಮ್ಮ ಮೈ ಮಲಗುತ್ತೆ ಅನ್ನೋದನ್ನ ಯೋಚಿಸಲೇ ಇಲ್ಲ. ನಿದ್ದೆ ಮಾಡಿ ಹೋಗಿ ಅಂತ ನಾನು ಹೇಳಬೇಕಿತ್ತು."

"ಹೇಳಿದ್ರೂ ನಾನು ಕೇಳ್ತಿರ್ಲಿಲ್ಲ ಬಿಡಿ ಮೇಡಂ," ಎಂದ ಬನ್ನಣ್ಣ ಸ್ಟ್ರೆಚರಿನಿಂದ. "ಇವಳು ಹೇಳಿದ್ಲು. ಕೇಳಿದ್ನಾ?"

ಅವನ ಮಾತಿನಲ್ಲಿ ಮಾತ್ರೆ ಎನ್ನುವ ಪದ ಆ ದಿನದಿಂದ ಉದುರಿಹೋಗಿ, ಬರೀ ಮೇಡಂ ಉಳಿಯಿತು.

ಈಗ ಆ ಬೇಕರಿಯಲ್ಲಿ ಬೆಟ್ಟಕ್ಕೆ ಹೋಗುವವರಿಗೆ ಸುಲಭಕ್ಕೆ ಬನ್ನು ಸಿಗುವುದಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡವರು ಬಂದರೆ ಬನ್ನಣ್ಣ ಪೊಟ್ಟಣ ಕೈಯಲ್ಲೇ ಹಿಡಿದುಕೊಂಡು ಕೇಳುತ್ತಾನೆ. "ಯಾವ ದಾರಿ? ಎಷ್ಟೊತ್ತಿಗೆ ತಿರುಗ್ತೀರಿ? ಮನೇಲಿ ಹೇಳಿದ್ದೀರಾ? ಎಲ್ಲಿ, ಶೂ ಅಡಿ ತೋರ್ಸಿ." ಕೆಲವರು ನಗುತ್ತಾರೆ. "ನಗಿ, ನಗಿ. ನಾನೂ ನಕ್ಕಿದ್ದೆ," ಎಂದು ಊರುಗೋಲಿನಿಂದ ತನ್ನ ಕಟ್ಟು ಹಾಕಿದ ಕಾಲನ್ನು ತಟ್ಟಿ ತೋರಿಸುತ್ತಾನೆ.

ಅಕ್ಕನ ಒತ್ತಾಯಕ್ಕೆ ಬೀದಿಯ ಹೆಂಗಸರ ಉಳಿತಾಯ ಸಂಘದ ಸಭೆಯಲ್ಲೂ ಅವನು ಇದನ್ನೆಲ್ಲ ಹೇಳಿದ. ತನ್ನ ತಪ್ಪು ಒಂದನ್ನೂ ಬಿಡಲಿಲ್ಲ. ಶೂ, ಬೆವರಿದ ಅಂಗಿ, ನೀರಿನ ಹಿಂದೆ ಹೋದದ್ದು, ಎಲ್ಲ ಹೇಳಿದ. ನಗಿಸಿ ನಗಿಸಿ ಹೇಳಿದ.

ಆ ಸಭೆಯಲ್ಲಿ ಇಲ್ಲದ ನಿಮಗೂ ಅದೇ ಮಾತು. ನೀವೂ ಒಂದು ದಿನ ಬೆಟ್ಟಕ್ಕೆ ಹೋಗಿ, ಖಂಡಿತ ಹೋಗಿ. ಆದರೆ ಹೊರಡುವ ಮುಂಚೆ ಒಬ್ಬರಿಗಾದರೂ ಯಾವ ದಾರಿಯಲ್ಲಿ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ಹೇಳಿ. ಬಂದ ಮೇಲೆ ಬಂದೆವೆಂದೂ ಹೇಳಿ. ಹವಾಮಾನ ಕೇಳಿಕೊಳ್ಳಿ. ಬೆಚ್ಚನೆಯ ಬಟ್ಟೆ, ಬೆಳಕು, ನೀರು, ತಿಂಡಿ, ಒಂದು ಸೀಟಿ, ಇವು ಭಾರವಲ್ಲ. ಹಿಡಿತವಿರುವ ಶೂ ಹಾಕಿಕೊಳ್ಳಿ. ತಿರುಗುವ ಹೊತ್ತನ್ನು ಮನೆಯಲ್ಲೇ ನಿಶ್ಚಯಿಸಿ, ಅದನ್ನು ಮೀರಬೇಡಿ. ನಿಮ್ಮ ಕೆಲಸ ನಿಮ್ಮ ಮೈಗೆ ಏನು ಕಲಿಸಿದೆ ಎಂದು ಒಮ್ಮೆ ಯೋಚಿಸಿ. ರಾತ್ರಿ ದುಡಿದಿದ್ದರೆ ಮೊದಲು ಮಲಗಿ. ದಾರಿ ತಪ್ಪಿದರೆ ಜೊತೆ ಬಿಡಬೇಡಿ, ಅಲೆಯಬೇಡಿ, ಇದ್ದಲ್ಲೇ ಬೆಚ್ಚಗಿದ್ದು ಸದ್ದು ಮಾಡಿ. ನಿಮ್ಮ ಮನೆಯಲ್ಲಿ ಒಬ್ಬರು ಹೆದರುವವರು ಇದ್ದರೆ ಅವರನ್ನು ನೋಡಿ ನಗಬೇಡಿ. ನಿಮ್ಮ ಬಾಗಿಲ ಸದ್ದಿಗೆ ಕಿವಿಗೊಟ್ಟು ಕೂತಿರುವವರು ಅವರೇ.

ಸಭೆ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು. "ಅಷ್ಟು ಹೊತ್ತು ಕತ್ತಲಲ್ಲಿ ಇಬ್ಬರೇ ಏನು ಮಾಡಿದ್ರಿ ಬನ್ನಕ್ಕ? ಅಣ್ಣ ಅತ್ತಿರಬೇಕು."

ಹೆಂಗಸರೆಲ್ಲ ನಕ್ಕರು. ಅಷ್ಟು ಹೊತ್ತು ಎಲ್ಲರನ್ನೂ ನಗಿಸುತ್ತಿದ್ದ ಬನ್ನಣ್ಣ ಬಗ್ಗಿ ಕಾಲಿನ ಕಟ್ಟನ್ನು ಸರಿಪಡಿಸಿಕೊಳ್ಳತೊಡಗಿದ. ಅವನ ಕಿವಿ ಕೆಂಪಾಗಿದ್ದು ಅವಳಿಗೊಬ್ಬಳಿಗೇ ಕಂಡಿತು.

"ಇವರಾ? ಗಾರೆಯವನಿಗೆ ಹೇಗೆ ಬೈಬೇಕು ಅಂತ ಉದ್ದಕ್ಕೂ ಹೇಳ್ತಾ ಕೂತಿದ್ರು," ಎಂದಳು ಬನ್ನಕ್ಕ. "ನಾನು ಸೀಟಿ ಊದ್ತಿದ್ದೆ."

ಬೇರೆಯವರ ಜೀವ ಉಳಿಸುವ ಮಾತೆಲ್ಲವನ್ನೂ ಅವನು ಹೇಳಿಯಾಗಿತ್ತು. ಉಳಿದದ್ದು ಅವಳ ಮಡಿಲಿಗೆ ಬಂದದ್ದು. ಅದನ್ನು ಅಕ್ಕನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅವಳು ಅಲ್ಲೇ ನಿಶ್ಚಯಿಸಿ, ಎದ್ದು, ಗಂಡನಿಗೆ ಊರುಗೋಲು ಕೊಟ್ಟಳು.